ಅರವತ್ತೇಳರಲ್ಲಿ ಒಬ್ಬ

ಮಸೋಯೆಯನ್ನು ಕೊಂದವನು ನಾನು. ಅವನಿಗೆ ವೋಟು ಹಾಕಿದವನೂ ನಾನೇ. ಶುಕ್ರವಾರ ಬೆಳಿಗ್ಗೆ ವೋಟು, ಶನಿವಾರ ಮಧ್ಯಾಹ್ನ ಕಲ್ಲು. ಕಲ್ಲನ್ನು ಇಡೀ ಊರು ಕಣ್ಣಾರೆ ನೋಡಿತು. ವೋಟು ಮಾತ್ರ ನನಗೂ ದೇವರಿಗೂ ಗೊತ್ತಿತ್ತು. ಆ ಎರಡು ದಿನ ನಾನು ಮಾಡಿದ್ದೆಲ್ಲ ಅದು ಮೂರನೆಯವರಿಗೆ ಗೊತ್ತಾಗದಿರಲಿ ಎಂದು. ಇಷ್ಟು ಹೇಳಿದ ಕೂಡಲೇ ಕೆಲವರು ‘ಅಯ್ಯೋ ಪಾಪ’ ಅನ್ನುತ್ತಾರೆ. ನನಗೆ ಮೈ ಉರಿಯುತ್ತದೆ. ಪಾಪ ಅನ್ನಬೇಡಿ, ಪೂರ್ತಿ ಕೇಳಿ.

ಸಮೋವಾದಲ್ಲಿ ಚುನಾವಣೆ ನಡೆಸುವುದು ಸರ್ಕಾರ, ಗೆಲ್ಲಿಸುವುದು ಊರು. ನಮ್ಮ ಫಗಾವೈ ಊರಿನಲ್ಲಿ ಪಟ್ಟದವರು, ಅಂದರೆ ಮನೆತನಗಳ ಯಜಮಾನರು, ಕೂಟ ಸೇರಿ, ಕಾವಾ ಬೇರಿನ ಪಾನೀಯ ಕುಡಿದು, ಈ ಸಲವೂ ಊರಿನ ವೋಟೆಲ್ಲ ಸೌಮಾಲುವಿಗೆ ಎಂದು ತೀರ್ಮಾನ ಮಾಡಿದರು. ಸೌಮಾಲು ಮೂರು ಸಲ ಪಾರ್ಲಿಮೆಂಟಿಗೆ ಹೋದವನು. ಮೂರು ಸಲವೂ ಹೋದದ್ದು ತೂಕ ಹೆಚ್ಚಿಸಿಕೊಂಡು ಬರುವುದಕ್ಕೆ. ಆದರೆ ಕೂಟದ ಮಾತು ಮುಗಿದ ಮೇಲೆ ಮುಗಿಯಿತು. ಆ ಮಾತನ್ನು ಊರಿಗೆ ಸಾರಿ ಹೇಳಿದವರು ನನ್ನ ದೊಡ್ಡಪ್ಪ ಫೆವಾಯಿ. ಕೂಟದ ಮಾತುಗಾರರು ಅವರೇ. ಕೈಯಲ್ಲಿ ಕೋಲು ಹಿಡಿದು ನಿಂತರೆ ಅರ್ಧ ತಾಸು ಉಸಿರು ತೆಗೆದುಕೊಳ್ಳದೆ ಮಾತಾಡುವ ಜನ.

ಪಟ್ಟದವರು ಹೇಳಿದ್ದನ್ನು ನಡೆಸುವವರು ನಾವು, ಪಟ್ಟವಿಲ್ಲದ ಗಂಡಸರು. ಅಡುಗೆಗೆ ಹಂದಿ ಕೊಯ್ಯುವುದು ನಾವು, ಕಳ್ಳನನ್ನು ಕಟ್ಟುವುದು ನಾವು, ಬಹಿಷ್ಕಾರ ಹಾಕಿದವನ ಮನೆ ಸುಡುವುದೂ ನಾವೇ. ಆ ಪಡೆಗೆ ನಾನು ಮುಂದಾಳು. ಲಫಾಯೆಲೆ ಬಾ ಅಂದರೆ ಬಂದೆ, ಹೊಡಿ ಅಂದರೆ ಹೊಡೆದೆ. ಮೂವತ್ತೆಂಟು ವರ್ಷ ಹೀಗೇ ಬದುಕಿದೆ, ತಪ್ಪು ಅನ್ನಿಸಿರಲಿಲ್ಲ.

ಕೂಟದ ಮಾತಿಗೆ ಒಪ್ಪದೆ ಚುನಾವಣೆಗೆ ನಿಂತವನು ಮಸೋಯೆ. ಅವನಿಗೂ ಪಟ್ಟವಿತ್ತು, ಸಣ್ಣದು. ಹಸಿರು ಹಳದಿ ಬಣ್ಣದ ಮರದ ಬಸ್ಸಿನ ಯಜಮಾನ. ಬೆಳಗಾದರೆ ಹಾಡು ಅಬ್ಬರಿಸಿಕೊಂಡು ರಾಜಧಾನಿ ಅಪಿಯಾಕ್ಕೆ ಹೊರಡುತ್ತಿದ್ದ. ಹೆಸರು ವಾಪಸು ತಗೋ ಎಂದು ದೊಡ್ಡಪ್ಪ ಹೇಳಲು ಹೋದಾಗ ನಾನೂ ಜೊತೆಗಿದ್ದೆ. ಮಸೋಯೆ ಬಸ್ಸಿನ ಕೆಳಗೆ ಮಲಗಿ ಏನೋ ಬಿಗಿ ಮಾಡುತ್ತಿದ್ದ. ಎದ್ದು ಬರಲೂ ಇಲ್ಲ.

“ಫೆವಾಯಿಯವರೇ, ಹೆಸರು ಅಚ್ಚಾಗಿಹೋಗಿದೆ. ಅಳಿಸೋದಕ್ಕೆ ನನ್ನ ಹತ್ರ ರಬ್ಬರ್ ಇಲ್ಲ,” ಎಂದು ಅಲ್ಲಿಂದಲೇ ಕೂಗಿದ. “ಆ ಸ್ಪ್ಯಾನರ್ ಸ್ವಲ್ಪ ಈಕಡೆ ತಳ್ಳಿ, ಪುಣ್ಯ ಬರತ್ತೆ.”

ದೊಡ್ಡಪ್ಪ ಕೋಲಿನ ತುದಿಯಿಂದ ಸ್ಪ್ಯಾನರನ್ನು ತಳ್ಳಿ ಹಿಂತಿರುಗಿದರು. ದಾರಿಯಲ್ಲಿ ಅವರು ನಕ್ಕ ಹಾಗೆ ಕಂಡಿತು. ಕೆಮ್ಮಿರಬೇಕು ಅಂದುಕೊಂಡೆ.

ನಾನು ಯಾಕೆ ಮಸೋಯೆಗೆ ಹಾಕಿದೆ ಅಂದರೆ, ನನ್ನ ಮಗಳು ಮಾಲಾಮಾ. ಎರಡು ವರ್ಷದ ಹಿಂದೆ ಅವಳಿಗೆ ಜ್ವರ ನೆತ್ತಿಗೇರಿ ಸೆಳೆತ ಶುರುವಾಯಿತು. ಆಗ ಅವಳಿಗೆ ಆರು. ಕೈಯಲ್ಲಿ ಎತ್ತಿಕೊಂಡು ಸೌಮಾಲುವಿನ ಮನೆಗೆ ಓಡಿದೆ. ಸರ್ಕಾರ ಕೊಟ್ಟ ದೊಡ್ಡ ಗಾಡಿ ಅಂಗಳದಲ್ಲೇ ನಿಂತಿತ್ತು. ಸೌಮಾಲು ಊಟ ಮಾಡುತ್ತಿದ್ದ. “ಗಾಡೀಲಿ ಹಂದಿ ತುಂಬಿದೆಯಲ್ಲೋ. ಪಾದ್ರಿಗಳ ಹೊಸ ಮನೆ ಊಟಕ್ಕೆ ಕಳಿಸ್ಬೇಕು. ನೆತ್ತಿಗೆ ಒದ್ದೆ ಬಟ್ಟೆ ಹಾಕಿ ನೋಡು, ಇಳಿಯತ್ತೆ,” ಅಂದ. ಹಂದಿಗಳನ್ನು ಆ ಗಾಡಿಗೆ ಬೆಳಿಗ್ಗೆ ತುಂಬಿದವನು ನಾನೇ. ಇಳಿಸಿ ಅನ್ನುವ ಧೈರ್ಯ ನನಗೆ ಬರಲಿಲ್ಲ.

ರಸ್ತೆಗೆ ಬಂದಾಗ ಮಸೋಯೆ ಅಪಿಯಾದಿಂದ ವಾಪಸು ಬರುತ್ತಿದ್ದ. ಇದ್ದ ಜನರನ್ನೆಲ್ಲ ಅಲ್ಲೇ ಇಳಿಸಿ, ಬಸ್ಸು ತಿರುಗಿಸಿ, ಅಪಿಯಾದ ಆಸ್ಪತ್ರೆಗೆ ಒಂದೂವರೆ ತಾಸಿನ ದಾರಿಯನ್ನು ಮುಕ್ಕಾಲು ತಾಸಿನಲ್ಲಿ ಓಡಿಸಿದ. ಹಾಡು ಬಂದ್ ಮಾಡಿದ್ದ. ಹಾಡಿಲ್ಲದ ಆ ಬಸ್ಸನ್ನು ನಾನು ನೋಡಿದ್ದು ಅವತ್ತೊಂದೇ ದಿನ. ಕನ್ನಡಿಯಲ್ಲಿ ಮಗುವನ್ನು ನೋಡುತ್ತ, “ಏಯ್ ಪುಟ್ಟಕ್ಕಾ, ನನ್ನ ಬಸ್ಸಲ್ಲಿ ಮಾತ್ರ ಸಾಯ್ಬೇಡ ಕಣೇ, ಸೀಟಿಗೆಲ್ಲ ಹೊಸ ರೆಕ್ಸಿನ್ ಹಾಕ್ಸಿದೀನಿ,” ಅಂದ. ಮಗು ನಕ್ಕಿತು. ಸೆಳೆತದ ನಡುವೆ ನಕ್ಕಿತು ಅಂದರೆ ನೀವು ನಂಬಲಿಕ್ಕಿಲ್ಲ, ಬಿಡಿ. ಅವಳು ಉಳಿದಳು.

ಶುಕ್ರವಾರ ಶಾಲೆಯ ಕೋಣೆಯಲ್ಲಿ ಮತದಾನ. ನಮ್ಮ ಮನೆಗಳಿಗೆ ಗೋಡೆಯಿಲ್ಲ. ಉಣ್ಣುವುದು, ಮಲಗುವುದು, ಹೆಂಡತಿಯ ಜೊತೆ ಜಗಳ, ಎಲ್ಲ ಊರಿನ ಕಣ್ಣೆದುರೇ. ಶಾಲೆಯಲ್ಲಿ ಮೂರು ಕಡೆ ರಟ್ಟು ನಿಲ್ಲಿಸಿ, ದಾರದಲ್ಲಿ ಪೆನ್ಸಿಲ್ ಕಟ್ಟಿದ್ದರು. ಆ ರಟ್ಟಿನೊಳಗೆ ತಲೆ ಹಾಕಿದಾಗ ನನ್ನನ್ನು ನೋಡುವವರು ಯಾರೂ ಇಲ್ಲ ಅನ್ನುವುದೇ ವಿಚಿತ್ರವಾಗಿತ್ತು. ಸೌಮಾಲುವಿನ ಹೆಸರಿನ ಮೇಲೆ ಪೆನ್ಸಿಲ್ ಇಟ್ಟೆ, ಎತ್ತಿದೆ. ಮಸೋಯೆಯ ಮುಂದೆ ಗುರುತು ಹಾಕಿದೆ. ಮಡಿಚಿ, ಪೆಟ್ಟಿಗೆಗೆ ಹಾಕಿ, ಬೆರಳಿನ ಶಾಯಿ ಒಣಗಿಸಿಕೊಳ್ಳುತ್ತ ಹೊರಗೆ ಬಂದೆ. ಒಂದು ವೋಟಿನಿಂದ ಏನಾಗುತ್ತದೆ, ಸೌಮಾಲು ಗೆದ್ದೇ ಗೆಲ್ಲುತ್ತಾನೆ, ನನ್ನ ಋಣ ತೀರಿತು ಅಂದುಕೊಂಡೆ. ಇದೇ ಮಾತನ್ನು ಇನ್ನೂ ಅರವತ್ತಾರು ಮಂದಿ ಅಂದುಕೊಂಡಿದ್ದರು ಅಂತ ನನಗೇನು ಗೊತ್ತು?

ಸಂಜೆ ರೇಡಿಯೋದಲ್ಲಿ ಊರೂರಿನ ಎಣಿಕೆ ಓದಿದರು. ಫಗಾವೈ: ಸೌಮಾಲು ನೂರ ನಲವತ್ತೈದು, ಮಸೋಯೆ ಎಪ್ಪತ್ತೊಂದು. ಮಸೋಯೆಯ ಮನೆಯವರದು ನಾಲ್ಕು. ಉಳಿದ ಅರವತ್ತೇಳು ನಮ್ಮೊಳಗಿನವು. ಆಮೇಲೆ ಇಡೀ ಕ್ಷೇತ್ರದ ಎಣಿಕೆ ಬಂತು. ಮಸೋಯೆ ಮೂವತ್ತೊಂದು ವೋಟಿನಿಂದ ಗೆದ್ದಿದ್ದ. ನನ್ನ ಹೆಂಡತಿ ಸೋಸೆಫಿನಾ ಕೆಸುವಿನ ಗೆಡ್ಡೆ ಸುಲಿಯುತ್ತಿದ್ದವಳು ಕೈ ನಿಲ್ಲಿಸಿ ನನ್ನನ್ನು ನೋಡಿದಳು. ನಾನು, “ಯಾವ ನಾಯಿಗಳೋ ಇವು, ಸಿಗಲಿ, ಹಲ್ಲು ಉದುರಿಸ್ತೀನಿ,” ಎಂದು ಅಕ್ಕಪಕ್ಕದ ಮನೆಯವರಿಗೆ ಕೇಳುವ ಹಾಗೆ ಕೂಗಿದೆ. ಅಕ್ಕಪಕ್ಕದ ಮನೆಯವರೂ ಹಾಗೇ ಕೂಗುತ್ತಿದ್ದರು. ಅವತ್ತು ಯಾರ ಗಂಟಲು ದೊಡ್ಡದಿತ್ತೋ ಅವರೇ ಹಾಕಿದವರು. ಈಗ ಕಣ್ಣು ಮುಚ್ಚಿ ಹೇಳಬಲ್ಲೆ.

ಶನಿವಾರ ಬೆಳಿಗ್ಗೆ ಶಂಖ ಊದಿದರು. ಕೂಟದ ಮನೆಯ ಮುಂದೆ ಎಲ್ಲರನ್ನೂ ಸಾಲಾಗಿ ನಿಲ್ಲಿಸಿದರು. ದೊಡ್ಡಪ್ಪ ಬೈಬಲ್ ಹಿಡಿದು ನಿಂತಿದ್ದರು. ಪಟ್ಟದವರು ಮೊದಲು, ಆಮೇಲೆ ನಾವು, ಆಮೇಲೆ ಹೆಂಗಸರು. ಒಬ್ಬೊಬ್ಬರೇ ಬಂದು ಅಂಗೈ ಇಟ್ಟು, “ನಾನು ಸೌಮಾಲುವಿಗೇ ಹಾಕಿದೆ. ಸುಳ್ಳಾದರೆ ನನ್ನ ಮನೆಯ ಮಗು ಸಾಯಲಿ,” ಅನ್ನಬೇಕು. ಸುಳ್ಳು ಪ್ರಮಾಣ ಮಾಡಿದವನ ಮನೆಯಲ್ಲಿ ಸಾವು ತಪ್ಪಿದ್ದನ್ನು ನಮ್ಮ ಊರು ನೋಡಿಲ್ಲ. ಮಾಡದೆ ಹೋದರೆ ಮಧ್ಯಾಹ್ನದೊಳಗೆ ಮನೆ ಬೂದಿ. ಹೆಂಡತಿ, ಮಗಳು, ಅಂಗಳದಲ್ಲಿರುವ ಅಮ್ಮನ ಗೋರಿ, ಎಲ್ಲ ಬಿಟ್ಟು ರಸ್ತೆಗೆ. ಬೇರೆ ಯಾವ ಊರು ನಮ್ಮನ್ನು ಸೇರಿಸುತ್ತದೆ? ನನ್ನ ಸರದಿ ಬಂತು. ಕೈ ಇಟ್ಟೆ. ದೊಡ್ಡಪ್ಪನ ಮುಖ ನೋಡದೆ ಹೇಳಿ ಮುಗಿಸಿದೆ. ಮಸೋಯೆ ಉಳಿಸಿಕೊಟ್ಟ ಮಗುವಿನ ಜೀವವನ್ನೇ ಒತ್ತೆಯಿಟ್ಟು ಮಸೋಯೆಗೆ ಹಾಕಿಲ್ಲ ಅಂದೆ. ಥೂ.

ಇನ್ನೂರು ಚಿಲ್ಲರೆ ಜನ ಪ್ರಮಾಣ ಮಾಡಿದರು. ಎಲ್ಲರೂ ಸತ್ಯವಂತರು. ಅರವತ್ತೇಳು ವೋಟು ಆಕಾಶದಿಂದ ಉದುರಿದ್ದವು.

ಸೌಮಾಲು ಎದ್ದು ನಿಂತ. ಸಿಟ್ಟಿನಿಂದ ಅವನ ಕೆನ್ನೆ ಅದುರುತ್ತಿತ್ತು. “ಒಳ್ಳೇದು. ಯಾರೂ ಹಾಕಿಲ್ಲ ಅಂತಾಯ್ತು. ಹಂಗಾದ್ರೆ ಮಸೋಯೆ ಕಳ್ಳತನದಲ್ಲಿ ಗೆದ್ದಿದಾನೆ,” ಅಂದ. “ಅವನ ಮನೆ ಇವತ್ತೇ ಹೋಗ್ಬೇಕು. ಯಾರ ಕೈ ನಿಧಾನ ಆಗತ್ತೋ ನಾನು ಕೂತು ನೋಡ್ತೀನಿ. ಅರವತ್ತೇಳು ಜನ ಯಾರು ಅಂತ ಆಗ ತಿಳಿಯತ್ತೆ.”

ಆ ಮಾತು ಸಾಕಾಯಿತು. ಮನೆ ಸುಡುವುದು ನಮಗೆ ಹೊಸತಲ್ಲ. ಅದಕ್ಕೊಂದು ರೀತಿ ಇದೆ. ಮೊದಲು ಹೇಳಿಕಳಿಸಬೇಕು, ಹೆಂಗಸರು ಮಕ್ಕಳು ಹೊರಬರಬೇಕು, ಪಾತ್ರೆ ಬಟ್ಟೆ ಎತ್ತಿಕೊಳ್ಳಬೇಕು, ಆಮೇಲೆ ಬೆಂಕಿ. ಅವತ್ತು ರೀತಿ ನೀತಿ ಯಾವುದೂ ಇರಲಿಲ್ಲ. ಸಾಲು ಒಡೆದು ಎಲ್ಲರೂ ಓಡಿದರು. ನಾನು ಎಲ್ಲರಿಗಿಂತ ಮುಂದೆ.

ಮಸೋಯೆಯ ಅಂಗಳದಲ್ಲಿ ಗೆಲುವಿನ ಊಟಕ್ಕೆ ನೆಲದ ಮೇಲೆ ಕಲ್ಲು ಕಾಯಿಸಿ ಒಲೆ ಹಾಕಿದ್ದರು. ಜೀಗುಜ್ಜೆ ಸುಟ್ಟ ವಾಸನೆ ಬರುತ್ತಿತ್ತು. ಮೊದಲು ಹಂದಿಗಳನ್ನು ಕಡಿದೆವು. ಕಟ್ಟಿದ ಹಂದಿ ಎಷ್ಟು ಕಿರುಚುತ್ತದೆ ಅನ್ನುವುದು ಕೊಯ್ದವನಿಗೆ ಗೊತ್ತು, ಆದರೆ ಕೊಯ್ಯುವುದು ಬೇರೆ, ಸಿಕ್ಕಸಿಕ್ಕ ಕಡೆ ಕಡಿಯುವುದು ಬೇರೆ. ಒಂದು ಹಂದಿ ಹಿಂಗಾಲಿಲ್ಲದೆ ಅಂಗಳದ ತುಂಬ ತೆವಳಿತು. ಬಾಳೆಗಿಡ ಒಂದೂ ಉಳಿಯಲಿಲ್ಲ. ಬಸ್ಸಿನ ಗಾಜನ್ನು ಹಾರೆಯಿಂದ ಒಡೆದೆ. ರೆಕ್ಸಿನ್ ಸೀಟುಗಳನ್ನು ಉದ್ದಕ್ಕೆ ಸೀಳಿದೆ. ಅದರೊಳಗಿನ ಸ್ಪಂಜು ಹಳದಿಯಾಗಿ ಹೊರಬಿತ್ತು. ಪಕ್ಕದಲ್ಲಿ ನನ್ನ ಗೆಳೆಯನೊಬ್ಬ ಸ್ಟೇರಿಂಗಿಗೆ ಒದೆಯುತ್ತ ಅಳುತ್ತಿದ್ದ. ಹೊಗೆಗೆ ಕಣ್ಣೀರು ಅಂದ. ಬೆಂಕಿ ಇನ್ನೂ ಹಚ್ಚಿರಲಿಲ್ಲ.

ಬೆಂಕಿ ಹಚ್ಚಿದಾಗ ಮಸೋಯೆಯ ಹೆಂಡತಿ ಫುವಾತಿನೋ, ಮಗ ಪೆನಿತೋವಾ, ಮುದುಕಿ ತಾಯಿ, ಮೂವರೂ ತೋಟದ ಕಡೆಯಿಂದ ಹೊರಗೆ ಓಡಿದರು. ಪೆನಿತೋವಾನನ್ನು ನಾಲ್ಕು ಜನ ಹಿಡಿದು ಬೇಲಿಗೆ ಒತ್ತಿದರು. ಇಪ್ಪತ್ತೆರಡರ ಹುಡುಗ, ಹೋರಿಯ ಹಾಗೆ ಗುದ್ದಾಡಿದ. ಅವನ ಬಾಯಿಗೆ ಮೊಣಕೈಯಿಂದ ಹೊಡೆದರು, ಎರಡು ಹಲ್ಲು ಉದುರಿದವು. ಮಸೋಯೆ ಮಾತ್ರ ಓಡಲಿಲ್ಲ. ಉರಿಯುವ ಮಾಡಿನ ಮುಂದೆ ಬಂದು ನಿಂತ. ಬಿಳಿ ಅಂಗಿ, ಕಪ್ಪು ಪಂಚೆ, ಪಾರ್ಲಿಮೆಂಟಿಗೆ ಹೊರಟವನ ಹಾಗೆ. ನಮ್ಮೆಲ್ಲರ ಮುಖವನ್ನೂ ಒಂದೊಂದಾಗಿ ನೋಡಿದ.

“ಎಲ್ಲಾರೂ ಬಂದಿದೀರಲ್ಲ. ಊಟ ಇನ್ನೂ ಬೆಂದಿಲ್ಲ, ಸ್ವಲ್ಪ ಕಾಯ್ಬೇಕು,” ಅಂದ. ದನಿ ನಡುಗುತ್ತಿತ್ತು, ಆದರೂ ತಮಾಷೆ ಬಿಡಲಿಲ್ಲ. “ಮನೆ ತಾನೆ, ಸುಡಿ. ಮತ್ತೆ ಕಟ್ತೀನಿ. ಬೆಂಕಿ ಆರಿದ ಮೇಲೆ ಮಾತಾಡೋಣ. ನಿಮ್ಮಲ್ಲಿ ಅರವತ್ತೇಳು ಜನಕ್ಕೆ ನಾನು ಥ್ಯಾಂಕ್ಸ್ ಹೇಳ್ಬೇಕು.”

ರಸ್ತೆಯಾಚೆ ಕುರ್ಚಿಯಲ್ಲಿ ಸೌಮಾಲು ಕೂತಿದ್ದ. ಪಕ್ಕದಲ್ಲಿ ದೊಡ್ಡಪ್ಪ ನಿಂತಿದ್ದರು. ಆಗ ಮಸೋಯೆಯ ಕಣ್ಣು ನನ್ನ ಮೇಲೆ ನಿಂತಿತು.

“ಲಫಾಯೆಲೆ, ನೀನೂ ಬಂದ್ಯಾ?” ಅಂದ. “ಪುಟ್ಟಕ್ಕ ಹೇಗಿದಾಳೋ?”

ಬೇರೆ ಏನು ಕೇಳಿದ್ದರೂ ನಡೆಯುತ್ತಿತ್ತು. ಬೈದಿದ್ದರೆ ನಾನೂ ಬೈಯುತ್ತಿದ್ದೆ. ಮಗಳ ಸುದ್ದಿ ಎತ್ತಿದರೆ ಊರಿಗೆ ಬಸ್ಸಿನ ಆ ದಿನ ನೆನಪಾಗುತ್ತದೆ, ಇವನೇ ಹಾಕಿದವನು ಅಂತ ಗೊತ್ತಾಗುತ್ತದೆ. ಎಲ್ಲರೂ ನನ್ನ ಕಡೆ ತಿರುಗಿದ ಹಾಗೆ ಕಂಡಿತು. ಅವನು ಮತ್ತೆ ಬಾಯಿ ತೆರೆದ. ಇನ್ನೊಂದು ಮಾತು ಹೊರಗೆ ಬಂದರೆ ನನ್ನ ಮನೆ ಹೋಯಿತು ಅಂತಷ್ಟೇ ನನ್ನ ತಲೆಯಲ್ಲಿತ್ತು. ಕಾಲ ಬಳಿ ಒಲೆ. ಅಂಚಿನ ಕಲ್ಲೊಂದನ್ನು ಕೈಗೆ ತೆಗೆದುಕೊಂಡೆ. ಕೆಂಡದಂತೆ ಸುಟ್ಟಿತು, ಬಿಡಲಿಲ್ಲ. ಐದು ಹೆಜ್ಜೆ ದೂರದಿಂದ ಎಸೆದೆ.

ಕಿವಿಯ ಮೇಲೆ ಬಿತ್ತು. ಹಸಿ ತೆಂಗಿನಕಾಯಿ ಒಡೆದ ಸದ್ದು. ಮಸೋಯೆ ಮಂಡಿಯೂರಿದ, ಕೈ ಎತ್ತಿ ಕಿವಿ ಮುಟ್ಟಿಕೊಂಡ, ನನ್ನನ್ನು ನೋಡಿದ. ಅಷ್ಟರಲ್ಲಿ ಉಳಿದವರೂ ಶುರುಮಾಡಿದರು. ನಾನೊಬ್ಬನೇ ಎಸೆದು ಅವರು ಸುಮ್ಮನೆ ನಿಂತರೆ ಅವರ ಕೈ ನಿಧಾನ ಅಂತ ಆಗುತ್ತದಲ್ಲ! ಎಡದಿಂದ ಬಲದಿಂದ ಕಲ್ಲು. ನಾನು ಹತ್ತಿರ ಹೋಗಿ ಇನ್ನೊಂದನ್ನು ಎರಡೂ ಕೈಯಲ್ಲಿ ಎತ್ತಿ ತಲೆಯ ಮೇಲೆ ಹಾಕಿದೆ. ಆ ಎರಡನೆಯದೇ ಅವನನ್ನು ಕೊಂದಿತು. ಇದರಲ್ಲಿ ನನಗೆ ಅನುಮಾನವಿಲ್ಲ, ಯಾರೂ ಹಂಚಿಕೊಳ್ಳಲು ಬರಬೇಕಿಲ್ಲ. ಕಾಲು ಸ್ವಲ್ಪ ಹೊತ್ತು ಒದ್ದಾಡಿ ನಿಂತುಹೋಯಿತು. ಫುವಾತಿನೋ ತನ್ನನ್ನು ಹಿಡಿದಿದ್ದ ಹೆಂಗಸರ ಕೈ ಬಿಡಿಸಿಕೊಂಡು ಬಂದು ಅವನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಳ್ಳಲು ನೋಡಿದಳು. ತಲೆ ಅವಳ ಕೈಯಲ್ಲಿ ತಲೆಯಾಗಿ ಉಳಿದಿರಲಿಲ್ಲ.

ಸಂಜೆ ಪೊಲೀಸರು ಬಂದರು. ಯಾರೂ ಏನೂ ನೋಡಿರಲಿಲ್ಲ. ಅಷ್ಟು ಜನರಲ್ಲಿ ಯಾರ ಕಲ್ಲು ಅಂತ ಹೇಳುವುದು? ಸೌಮಾಲು ಅವರಿಗೆ ಡಬ್ಬಿ ಮೀನು, ಗೆಡ್ಡೆ ಬಡಿಸಿ ಕಳಿಸಿದ. ಮುಂದೆ ಮೂರು ತಿಂಗಳಿಗೆ ಮರುಚುನಾವಣೆ ಆಯಿತು, ಅವನ ಎದುರು ಯಾರೂ ನಿಲ್ಲಲಿಲ್ಲ. ಅದಿರಲಿ.

ಫುವಾತಿನೋಳ ತವರು ಪಕ್ಕದ ಲಾಲೋಮಾ. ಹೆಣವನ್ನು ಅಲ್ಲಿಗೇ ಒಯ್ದರು. ಅವಳ ಅಣ್ಣತಮ್ಮಂದಿರು ಆರು ಜನ, ಎಲ್ಲರೂ ಕತ್ತಿ ಮಸೆಯುತ್ತಿದ್ದಾರೆ ಎಂದು ಸುದ್ದಿ ಬಂತು. ದೊಡ್ಡಪ್ಪ ಬಂದು ನನ್ನ ಮುಂದೆ ಕೂತರು.

“ಮೊದಲನೇ ಕಲ್ಲು ನಿಂದೇ?”

“ಹೂಂ.”

“ಕೊನೇದು?”

“ಅದೂ ನಂದೇ.”

“ಹಾಗಾದ್ರೆ ಬೆಳಗಾಗ್ತಲೇ ಹೋಗಿ ತಲೆ ಕೊಡ್ಬೇಕು. ಹೋಗ್ಲಿಲ್ಲ ಅಂದ್ರೆ ಅವರೇ ಬರ್ತಾರೆ. ಆಗ ನಮ್ಮ ಮನೇಲಿ ಗಂಡಸು ಅನ್ನೋದು ಉಳಿಯಲ್ಲ,” ಅಂದರು. “ಮನೆತನದ ಚಾಪೆ ತೆಗಿ ಅಂತ ನಿನ್ನ ಹೆಂಡ್ತಿಗೆ ಹೇಳು.”

ಭಾನುವಾರ, ಬೆಳಕು ಹರಿಯುವ ಹೊತ್ತಿಗೆ ಲಾಲೋಮಾದ ಆ ಅಂಗಳದಲ್ಲಿ ನಾವು ಇಪ್ಪತ್ತಮೂರು ಜನ ತಲೆ ತಗ್ಗಿಸಿ ಕೂತಿದ್ದೆವು. ಎಲ್ಲರ ಮುಂದೆ ನಾನು, ದೊಡ್ಡಪ್ಪ, ಇಬ್ಬರ ಮೇಲೂ ಆ ಒಂದೇ ಚಾಪೆ. ಹೊದ್ದು ಕೂತವನು ಏಳುವ ಹಾಗಿಲ್ಲ, ಮಾತಾಡುವ ಹಾಗಿಲ್ಲ. ಅವರು ಬಂದು ಚಾಪೆ ಎತ್ತಿದರೆ ಕ್ಷಮೆ. ಎತ್ತದಿದ್ದರೆ ಕತ್ತಿ. ನನ್ನ ತಮ್ಮಂದಿರು, ದಾಯಾದಿಗಳು, ಸೋಸೆಫಿನಾ, ಎಲ್ಲರ ಜೀವವೂ ಆ ಚಾಪೆಗೆ ಬಂದು ನಿಂತಿತ್ತು. ಮಾಲಾಮಾಳನ್ನು ಮನೆಯಲ್ಲೇ ಬಿಟ್ಟಿದ್ದೆವು.

ಒಳಗೆ ಮಬ್ಬು, ಎಣ್ಣೆಯ ವಾಸನೆ, ದೊಡ್ಡಪ್ಪನ ಉಸಿರು. ಬಹಳ ಹೊತ್ತು ಕಳೆಯಿತು.

“ಕೈ ಯಾಕೋ ಹಾಗೆ ಹಿಡ್ಕೊಂಡಿದೀಯ?” ಎಂದು ಪಿಸುಗುಟ್ಟಿದರು.

“ಕಲ್ಲು ಬಿಸಿಯಿತ್ತು. ಬೊಬ್ಬೆ ಎದ್ದಿದೆ.”

“ನನ್ನ ಮಂಡಿ ಸತ್ತೇ ಹೋಯ್ತು ಕಣೋ. ಇವರ ಕತ್ತಿಗಿಂತ ಮುಂಚೆ ಮಂಡಿನೇ ನನ್ನ ಕೊಲ್ಲತ್ತೆ.”

ಆ ಮಬ್ಬಿನಲ್ಲಿ ನನಗೆ ತಡೆಯಲಾಗಲಿಲ್ಲ. “ದೊಡ್ಡಪ್ಪಾ, ನಾನು ಅವನಿಗೇ ಹಾಕಿದ್ದು,” ಅಂದೆ.

“ಏನನ್ನ?”

“ವೋಟು.”

“ಬಾಯ್ಮುಚ್ಚು,” ಅಂದರು. ಹೊರಗೆ ಕೋಳಿ ಕೂಗಿತು. ಮತ್ತೆ ಎಷ್ಟೋ ಹೊತ್ತಿನ ಮೇಲೆ, ನನ್ನ ಕಿವಿಗೆ ಬಾಯಿ ಇಟ್ಟು, “ನಾನೂ,” ಅಂದರು.

“ನೀವಾ? ಬೈಬಲ್ ಹಿಡ್ಕೊಂಡು ನಿಂತಿದ್ದೋರು ನೀವಲ್ವಾ?”

“ಹಿಡ್ಕೊಂಡೋನ ಹತ್ರ ಯಾರೂ ಪ್ರಮಾಣ ಮಾಡಿಸ್ಲಿಲ್ಲ,” ಅಂದರು. “ಹದಿನೈದು ವರ್ಷ ಆ ಹಂದೀನ ಹೊಗಳಿ ಹೊಗಳಿ ನಾಲಗೆ ಕಹಿಯಾಗಿತ್ತು. ರಟ್ಟಿನ ಹಿಂದೆ ಒಂದು ಸಲ, ಒಂದೇ ಒಂದು ಸಲ… ಹೋಗ್ಲಿ ಬಿಡು. ಈ ಚಾಪೆ ಹೊರಗೆ ಇದನ್ನ ಎತ್ತಿದ್ರೆ ನಾನೇ ನಿನ್ನ ಕತ್ತು ಹಿಚುಕ್ತೀನಿ. ಹಿಂದೆ ಇಪ್ಪತ್ತೊಂದು ಜನ ಕೂತಿದಾರೆ, ನೆನಪಿರಲಿ.”

ನನಗೆ ನಗು ಬಂತು. ಎಂಥ ನಗು ಅಂದರೆ ವಾಂತಿ ಬಂದ ಹಾಗೆ. ಹಾಗಾದರೆ ಕುರ್ಚಿಯ ಪಕ್ಕದಲ್ಲಿ ಕೋಲು ಹಿಡಿದು ನಿಂತು ಇವರು ನೋಡಿದ್ದೂ ನಾನು ಎಸೆದ ಹಾಗೆಯೇ, ಅದೇ ಭಯಕ್ಕೆ. ಒಂದು ಮಾತು, ‘ನಿಲ್ಲಿಸಿ’ ಅಂತ ಒಂದು ಮಾತು ಈ ಮನುಷ್ಯ ಅಂದಿದ್ದರೆ ಊರು ನಿಲ್ಲುತ್ತಿತ್ತು.

ಹೆಜ್ಜೆ ಸದ್ದು ಬಂತು. ಹಿಂದೆ ಸೋಸೆಫಿನಾ ಬಿಕ್ಕಿದಳು. “ಯಾವನೋ ಅವನು, ಎದ್ದೇಳೋ ನಾಯಿ,” ಎಂದು ಪೆನಿತೋವಾನ ದನಿ. ಹಲ್ಲಿಲ್ಲದ ಬಾಯಿಯಿಂದ ಮಾತು ಒಡೆದು ಬರುತ್ತಿತ್ತು. ಚಾಪೆಯ ಮೇಲೆ ಏನೋ ಬಲವಾಗಿ ಬಿತ್ತು. ಬೆಳಕಿನ ಒಂದು ಸೀಳು ಒಳಗೆ ಬಂತು, ಅದರ ಜೊತೆ ಕತ್ತಿಯ ತುದಿ. ದೊಡ್ಡಪ್ಪನ ಭುಜ ಕುಯ್ದು ರಕ್ತ ನನ್ನ ತೊಡೆಯ ಮೇಲೆ ಬಿಸಿಯಾಗಿ ಹರಿಯಿತು. ಮುದುಕರು ತುಟಿ ಕಚ್ಚಿಕೊಂಡರು, ಕೂಗಲಿಲ್ಲ, ಅಲುಗಲಿಲ್ಲ. ಎರಡನೆಯ ಏಟು ನನ್ನ ಕಿವಿಯ ಪಕ್ಕದಿಂದ ಹಾದು ನೆಲಕ್ಕೆ ನಾಟಿತು. ಮೂರನೆಯದು ನನಗೆ ಅಂದುಕೊಂಡು ಕುತ್ತಿಗೆ ಇನ್ನಷ್ಟು ಬಾಗಿಸಿದೆ. ನಿಜ ಹೇಳುತ್ತೇನೆ, ಬೀಳಲಿ ಅನ್ನಿಸಿತ್ತು.

“ಪೆನಿ, ಸಾಕು.” ಫುವಾತಿನೋ.

“ಅಮ್ಮಾ, ಇವನೇ ಕಣಮ್ಮಾ!”

“ಇವನೇ ಅಂತ ನಂಗೊತ್ತು. ನಾನೂ ಅಲ್ಲೇ ಇದ್ದೆ. ಕತ್ತಿ ಕೆಳಗಿಡು.”

ಚಾಪೆ ಎತ್ತಿದಳು. ಬೆಳಕಿಗೆ ಕಣ್ಣು ಬಿಡಲಾಗಲಿಲ್ಲ. ನಿನ್ನೆಯ ಬಟ್ಟೆಯಲ್ಲೇ ಇದ್ದಳು, ತೊಡೆಯ ಮೇಲಿನ ರಕ್ತ ಒಣಗಿ ಕಪ್ಪಾಗಿತ್ತು. ಹಿಂದೆ ಜನ ದೇವರನ್ನು ನೆನೆದು ಗಟ್ಟಿಯಾಗಿ ಅಳತೊಡಗಿದರು. ನಮ್ಮೆಲ್ಲರ ಜೀವ ಉಳಿದಿತ್ತು.

“ಫೆವಾಯಿಯವರೇ, ನೀವು ಕೂಟದ ಬಾಯಿ. ಕೂಟ ಹೇಳಿದ್ದನ್ನ ಹೇಳಿದ್ರಿ,” ಅಂದಳು. ಆಮೇಲೆ ನನ್ನ ಕಡೆ ತಿರುಗಿದಳು. “ಲಫಾಯೆಲೆ, ನಿನ್ನ ಮಗಳನ್ನ ಉಳಿಸಿದ್ದಕ್ಕೆ ನೀನು ವೋಟು ಹಾಕ್ಬೇಕಿತ್ತು ಅಂತ ನಾನು ಅನ್ನಲ್ಲ. ವೋಟಿಗೋಸ್ಕರ ಅವನು ಬಸ್ಸು ತಿರುಗಿಸ್ಲಿಲ್ಲ. ನೀನು ಮೊದಲಿಂದ ಆ ಕಡೆಯೋನು. ಅಪ್ಪಣೆ ಆಯ್ತು, ಹೊಡೆದೆ. ಎದುರಿಗಿರೋನು ಹೊಡೀತಾನೆ ಅಂತ ಗೊತ್ತಿದ್ದೇ ಅವನು ನಿಂತ. ನಿನ್ನ ಕ್ಷಮಿಸೋದಕ್ಕೆ ನನ್ನಿಂದ ಆಗತ್ತೆ, ಕಷ್ಟಪಟ್ಟಾದ್ರೂ ಆಗತ್ತೆ.”

ಕಣ್ಣು ಒರೆಸಿಕೊಂಡಳು. ಮತ್ತೆ ಮಾತಾಡಿದಾಗ ದನಿ ಬದಲಾಗಿತ್ತು.

“ಆದ್ರೆ ಆ ಅರವತ್ತೇಳು ಜನ ಇದಾರಲ್ಲ. ಶುಕ್ರವಾರ ರೇಡಿಯೋ ಕೇಳಿ ಅವನು ಅತ್ತ, ಗೊತ್ತಾ? ಗೆದ್ದಿದ್ದಕ್ಕಲ್ಲ. ‘ಫುವಾ, ನಮ್ಮೂರಲ್ಲೇ ಅರವತ್ತೇಳು ಜನ ಕಣೇ’ ಅಂತ ಅತ್ತ. ಓಡಿಹೋಗೋಣ ಬಾ ಅಂತ ಕೈ ಹಿಡಿದು ಎಳೆದೆ. ‘ಅಷ್ಟು ಜನ ನಮ್ಮೋರು ಇರೋವಾಗ ಏನಾಗತ್ತೆ, ಯಾರಾದ್ರೂ ಒಬ್ಬ ಅಡ್ಡ ಬರ್ತಾನೆ’ ಅಂದ. ಅವರನ್ನ ನಂಬ್ಕೊಂಡು ನಿಂತ ಕಣಪ್ಪಾ ಅವನು ಅಲ್ಲಿ. ಅವರ ಮುಖ ಹುಡುಕ್ತಾ ನಿಂತ. ಅವರಲ್ಲೊಬ್ಬ ಇಲ್ಲಿ ಬಂದು ಹೀಗೆ ಚಾಪೆ ಹೊದ್ದು ಕೂತಿದ್ರೆ, ದೇವರಾಣೆ, ನಾನು ಎತ್ತುತಿರ್ಲಿಲ್ಲ.”

“ಬನ್ನಿ ಒಳಗೆ. ಕೋಕೋ ಕುದೀತಾ ಇದೆ. ಅವನನ್ನೂ ನೋಡ್ಕೊಂಡು ಬನ್ನಿ,” ಅಂದಳು.

ದೊಡ್ಡಪ್ಪ ಎದ್ದರು. ಭುಜದ ಗಾಯವನ್ನು ಕೈಯಿಂದ ಒತ್ತಿಕೊಂಡು, ಕುಂಟುತ್ತ ಒಳಗೆ ನಡೆದರು. ಹೋಗುವಾಗ ಕಾಲಿನಿಂದ ನನ್ನ ಮಂಡಿಯನ್ನು ತಿವಿದರು, ಏಳು ಅನ್ನುವ ಹಾಗೆ. ತಮ್ಮಂದಿರು ಹೋದರು. ಸೋಸೆಫಿನಾ ಫುವಾತಿನೋಳ ಕೈಗೆ ಮುತ್ತಿಟ್ಟು ಹೋದಳು. ನನಗೂ ಒಂದು ಬಟ್ಟಲು ಕೋಕೋ ಇತ್ತು ಒಳಗೆ. ಎದ್ದರೆ ಆಯಿತು. 

ನಾನು ಏಳಲಿಲ್ಲ. ದೊಡ್ಡ ಮನುಷ್ಯನಾಗಲು ಏಳಲಿಲ್ಲ ಅಂದುಕೊಳ್ಳಬೇಡಿ. ಅವನು ಮುಖ ಹುಡುಕುತ್ತ ನಿಂತಿದ್ದ ಅಂದಳಲ್ಲ, ನನ್ನ ಮುಖ ಸಿಕ್ಕಾಗ ಅವನಿಗೆ ಸಮಾಧಾನವಾಗಿತ್ತು. ಅದಕ್ಕೇ ಪುಟ್ಟಕ್ಕನ ಸುದ್ದಿ ಕೇಳಿದ. ಅದು ಆಗ ನನಗೆ ಹೊಳೆಯಿತು. ಹೊಳೆದ ಮೇಲೆ ಕಾಲು ಮೇಲೇಳಲಿಲ್ಲ.

“ಅಕ್ಕಾ,” ಅಂದೆ. “ನಾನು ಅವರಲ್ಲೊಬ್ಬ. ನಾನು ಮಸೋಯೆಯಣ್ಣಂಗೇ ಹಾಕಿದ್ದು.”

ಅವಳು ನನ್ನನ್ನು ನೋಡಿದಳು. ಬೈಯಲಿಲ್ಲ, ಉಗುಳಲಿಲ್ಲ. ಪಕ್ಕದಲ್ಲಿ ಬಿದ್ದಿದ್ದ ಚಾಪೆಯನ್ನು ಎತ್ತಿ, ಕೊಡವಿ, ಮತ್ತೆ ನನ್ನ ತಲೆಯ ಮೇಲೆ ಹೊದಿಸಿದಳು. ನಾಲ್ಕು ಕಡೆಯೂ ಎಳೆದು ಸರಿ ಮಾಡಿದಳು, ಬೆಳಕು ಬರದ ಹಾಗೆ. ಕತ್ತಿ ಸೀಳಿದ್ದ ಕಡೆ ಮಾತ್ರ ಅವಳ ಪಾದ ಕಾಣುತ್ತಿತ್ತು. ಪೆನಿತೋವಾ ಓಡಿಬಂದು ನೆಲದಿಂದ ಕತ್ತಿ ಎತ್ತಿಕೊಂಡ ಸದ್ದು ಕೇಳಿತು. ನಾನು ಕುತ್ತಿಗೆ ಮುಂದೆ ಚಾಚಿದೆ.

“ಬೇಡ ಮಗಾ, ಬಾ,” ಅಂದಳು. “ಹೊಡೆದ್ರೆ ಅವನಿಗೆ ನೆಮ್ಮದಿ ಆಗತ್ತೆ.”

ಇಬ್ಬರ ಹೆಜ್ಜೆಯೂ ದೂರ ಹೋಯಿತು. ಹೊರಗೆ ನಾನೊಬ್ಬನೇ. ಒಳಗೆ ಬಟ್ಟಲುಗಳ ಸದ್ದು ನಿಂತಿತು. ಮನೆಗೆ ಬಂದ ಹಿರಿಯರು ಎಂದು ಸತ್ತವನ ಪಕ್ಕದಲ್ಲಿ ಪ್ರಾರ್ಥನೆ ಹೇಳಲು ದೊಡ್ಡಪ್ಪನನ್ನು ಕೇಳಿಕೊಂಡರು. ಅವರು ಶುರುಮಾಡಿದರು. ದನಿ ಎಲ್ಲೂ ನಡುಗಲಿಲ್ಲ.